ಸಂಪಿನ ಸದ್ದು ಕೇಳಲು ಬರ್ಲಿನ್‌ವರೆಗೆ

ಬರ್ಲಿನ್‌ಗೆ ಹೋಗಿಬಂದವರೆಲ್ಲ ಅಲ್ಲಿನ ಗೋಡೆಯ ವಿಷಯ ಹೇಳುತ್ತಾರೆ. ನನಗೆ ಆ ಗೋಡೆ ನೋಡಲು ಪುರಸೊತ್ತೇ ಆಗಲಿಲ್ಲ. ಮ್ಯೂಸಿಯಮ್ಮೂ ನೋಡಲಿಲ್ಲ, ದೋಣಿಯಲ್ಲೂ ಕೂರಲಿಲ್ಲ. ನಾನು ಹೋಗಿದ್ದು ಒಂದು ಆಲ್ಬಂ ಕೇಳುವುದಕ್ಕೆ. ಅದೂ ಜರಗನಹಳ್ಳಿಯ ನಮ್ಮ ಮನೆಯ ಮಹಡಿ ಮೇಲೆ, ನನ್ನ ಅಡುಗೆಮನೆಯ ನೆತ್ತಿಗೆ ಸರಿಯಾಗಿ ತಯಾರಾದ ಆಲ್ಬಂ. ಮೆಟ್ಟಿಲು ಹತ್ತಿ ಕೇಳಬಹುದಾಗಿದ್ದನ್ನು ವಿಮಾನ ಹತ್ತಿ ಕೇಳಿದೆಯಲ್ಲ ಎಂದು ನನ್ನ ತಮ್ಮ ಈಗಲೂ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ.

ಜರಗನಹಳ್ಳಿ

ನಮ್ಮ ಯಜಮಾನರದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಮಧ್ಯಾಹ್ನದ ಮೇಲೆ ನಾನೂ ಗಲ್ಲಾದಲ್ಲಿ ಕೂರುತ್ತೇನೆ. ಮಗ ಮಹೇಶ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಸೊಸೆ ವಿದ್ಯಾ ಗದಗಿನ ಕಡೆಯವಳು. ಮದುವೆಗೆ ಮುಂಚೆ ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದು, ಜಾಹೀರಾತು ರೆಕಾರ್ಡ್ ಮಾಡುವ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಸೋಪಿನ ಜಾಹೀರಾತಿಗೆ ನೊರೆಯ ಸದ್ದು, ಬಿಸ್ಕತ್ತಿನದಕ್ಕೆ ಮುರಿಯುವ ಸದ್ದು, ಇವನ್ನೆಲ್ಲ ಕೂಡಿಸುವುದು ಅವಳ ಕೆಲಸ.

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕೇಳಿದ್ದು ಒಂದೇ: ಮಹಡಿ ಮೇಲಿನ ಖಾಲಿ ರೂಮು. ಹೊಲಿಗೆ ಮಿಷನ್ ಇಟ್ಟುಕೊಳ್ಳುತ್ತಾಳೇನೋ ಎಂದುಕೊಂಡೆವು. ಒಂದು ಕಂಪ್ಯೂಟರು, ಎರಡು ಕರಿ ಸ್ಪೀಕರು ಬಂದವು. ಆಮೇಲೆ ಶುರುವಾಯಿತು. ದುಂ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ದುಂ. ನನ್ನ ಅಡುಗೆಮನೆಯ ಶೆಲ್ಫಿನಲ್ಲಿ ತಟ್ಟೆಗಳು ಕಿಣಿಕಿಣಿ ಎನ್ನುತ್ತಿದ್ದವು. ಕನಕಪುರ ರಸ್ತೆಯಲ್ಲಿ ಬಸ್ಸು ಹೋದಾಗಲೂ ಹಾಗೆಯೇ ಆಗುತ್ತದೆ, ಆದರೆ ಬಸ್ಸು ಹೊರಟುಹೋಗುತ್ತದೆ. ಇದು ಹೋಗುತ್ತಿರಲಿಲ್ಲ.

"ಮೇಲೆ ಏನಾದ್ರೂ ಒಡೀತಿದಾಳಾ ಇವ್ಳು?" ಎಂದು ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು.

ನಾನು ವಿದ್ಯಾಳನ್ನೇ ಕೇಳಿದೆ. "ಇದಕ್ಕ ಡಬ್ ಅಂತಾರ್ರಿ ಅತ್ತಿ. ಜಮೈಕಾದಾಗ ಹುಟ್ಟಿದ್ದು. ಹಾಡಿನಾಗಿಂದ ಹಾಡವರನ್ನ ತಗದುಬಿಡ್ತಾರ. ತಾಳ, ಮತ್ತ ಅದರ ಪ್ರತಿಧ್ವನಿ, ಇಷ್ಟ ಉಳೀತಾವು. ನಾ ಅದರಾಗಿಂದ ಇನ್ನೂ ತಗೀತೀನಿ."

"ಹಾಡೋರ್ನೇ ತೆಗೆದ್ಮೇಲೆ ಇನ್ನೇನಮ್ಮ ಉಳಿಯೋದು?"

"ಅದನ್ನ ಕೇಳಬೇಕ್ರಿ" ಎಂದು ನಕ್ಕಳು.

ಒಂದು ಸಲ ಸಂಪು ತೊಳೆಸಲು ನೀರೆಲ್ಲ ಖಾಲಿ ಮಾಡಿಸಿದ್ದೆವು. ಅಂಗಳದ ಕೆಳಗಿನ ಆ ನೀರಿನ ತೊಟ್ಟಿಗೆ ಇವಳು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಯಲ್ಲಿ ಇಳಿದಳು. ಕೈಯಲ್ಲಿ ಮೈಕು. ನಾನು ಮೇಲೆ ಟಾರ್ಚ್ ಹಿಡಿದು ನಿಂತಿದ್ದೆ. ಕೆಳಗೆ ಒಮ್ಮೆ ಅಂಗೈಯಿಂದ ಗೋಡೆ ತಟ್ಟಿದಳು, ಒಮ್ಮೆ ಚೊಂಬಿನಿಂದ. ಒಂದು ಹನಿ ನೀರು ಬಿಟ್ಟಳು. ಪ್ರತಿ ಸದ್ದಿಗೂ ಅದು ಪೂರ್ತಿ ಆರುವವರೆಗೆ ಉಸಿರು ಬಿಡದೆ ನಿಂತಳು. ಎದುರು ಮನೆಯ ಹೆಂಗಸು ಕಾಂಪೌಂಡಿನಿಂದ ಇಣುಕಿ, "ಏನ್ರೀ, ಉಂಗುರ ಬಿದ್ದೋಯ್ತಾ?" ಎಂದರು. ಹೂಂ ಎಂದುಬಿಟ್ಟೆ. ನಿಜ ಹೇಳಿದ್ದರೆ ಸಂಜೆವರೆಗೂ ವಿವರಿಸಬೇಕಿತ್ತು.

ಆಲ್ಬಮ್ಮಿಗೆ 'ಸಂಪು' ಎಂದೇ ಹೆಸರಿಟ್ಟಳು. ಇಂಥ ಸಂಗೀತವನ್ನೇ ಹೊರತರುವ ಬರ್ಲಿನ್‌ನ ಸಣ್ಣ ಕಂಪನಿಯೊಂದಕ್ಕೆ ಕಳಿಸಿದಳು. ಬನ್ನಿ, ಒಂದು ಸಂಜೆ ಜನರನ್ನು ಕೂರಿಸಿ ಇದನ್ನು ಕೇಳಿಸೋಣ, ಅವರಿಗೆ ಹಿಡಿಸಿದರೆ ಗ್ರಾಮಫೋನ್ ರೆಕಾರ್ಡಾಗಿ ಹೊರತರೋಣ ಎಂದು ಅವರು ಕರೆದರು. ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ಮಹೇಶನಿಗೆ ಆಗ ಪರೀಕ್ಷೆಯ ಕೆಲಸ. ಯಜಮಾನರು ಊಟದ ತಟ್ಟೆ ಮುಂದೆ ಕೂತು, "ಒಬ್ಬಳನ್ನೇ ಹೇಗೆ ಕಳ್ಸೋದು? ಬೇಡ ಅಂತ ಬರೆದ್ಬಿಡ್ಲಿ" ಎಂದರು. ಅನ್ನ ಕಲೆಸುತ್ತಿದ್ದ ವಿದ್ಯಾಳ ಕೈ ಹಾಗೇ ನಿಂತಿತು.

"ನಾನು ಹೋಗ್ತೀನಿ ಬಿಡಿ" ಎಂದೆ.

ಮೂವರೂ ನನ್ನ ಮುಖ ನೋಡಿದರು. ಶ್ರೀಶೈಲ ಬಿಟ್ಟರೆ ರಾಜ್ಯದ ಗಡಿ ದಾಟದವಳು ನಾನು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಫ್ರಾಂಕ್‌ಫರ್ಟ್

ಇಲ್ಲಿ ವಿಮಾನ ಬದಲಿಸಬೇಕಿತ್ತು. ಸಾಲಿನಲ್ಲಿ ನಿಂತಿದ್ದಾಗ ಪೊಲೀಸರ ನಾಯಿಯೊಂದು ಬಂದು ನನ್ನ ಚೀಲದ ಪಕ್ಕ ಕೂತೇಬಿಟ್ಟಿತು. ನಮ್ಮ ಬೀದಿಯ ನಾಯಿಯಾಗಿದ್ದರೆ ಹಚಾ ಎನ್ನಬಹುದಿತ್ತು. ಇದಕ್ಕೆ ಯೂನಿಫಾರಂ ಇತ್ತು.

ಚೀಲ ತೆಗೆಸಿದರು. ವಿದ್ಯಾಳ ತಾಯಿ ಗದಗಿನಿಂದ ಕಳಿಸಿದ್ದ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ ಹೊರಬಂದವು. ಎತ್ತರದ ಅಧಿಕಾರಿಯೊಬ್ಬ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಬಗ್ಗಿಸಲು ನೋಡಿದ. ಬಗ್ಗಲಿಲ್ಲ. ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದ. ಟಕ್ ಟಕ್.

"ವಾಟ್ ಈಸ್ ದಿಸ್?"

"ಚಪಾತಿ, ಸಾರ್. ಹಾರ್ಡ್ ಚಪಾತಿ" ಎಂದೆ. ನನ್ನದು ಅಂಗಡಿ ಇಂಗ್ಲಿಷು, ಇದಕ್ಕಿಂತ ಮುಂದೆ ಹೋಗುವುದಿಲ್ಲ. ಅವನಿಗೆ ನಂಬಿಕೆ ಬರಲಿಲ್ಲ. ನಾನು ಒಂದು ಚೂರು ಮುರಿದು, ಚಟ್ನಿಪುಡಿ ಅದ್ದಿ, ಅವನೆದುರಿಗೇ ಕಟಕಟ ಅಗಿದು ತಿಂದೆ. ಇನ್ನೊಂದು ಚೂರನ್ನು ಅವನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ, ಆದರೆ ನಕ್ಕುಬಿಟ್ಟ. ನಾಯಿ ಮಾತ್ರ ಬೇಕು ಎಂಬಂತೆ ನೋಡುತ್ತಿತ್ತು. ವಿದ್ಯಾ ನಾಚಿಕೆಯಿಂದ ತೂತು ಸಿಕ್ಕರೆ ಅದರೊಳಗೆ ಇಳಿಯುವ ಹಾಗೆ ನಿಂತಿದ್ದಳು. ಮುಂದಿನ ವಿಮಾನದಲ್ಲಿ ಕೂತ ಮೇಲೆ ನಗು ತಡೆಯಲಾಗದೆ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. ಮದುವೆಯಾಗಿ ಮೂರು ವರ್ಷವಾಗಿದ್ದರೂ ಅವಳು ಹಾಗೆ ನನಗೆ ಒರಗಿದ್ದು ಅದೇ ಮೊದಲು.

ಬರ್ಲಿನ್, ಭಾನುವಾರ

ಕಂಪನಿ ನಡೆಸುವವನು ಟೋಬಿಯಾಸ್ ಎಂಬ ಹುಡುಗ. ಹುಡುಗ ಎಂದರೆ ನಲವತ್ತರ ಹತ್ತಿರ, ಆದರೆ ಸೈಕಲ್ಲಿನಲ್ಲಿ ಓಡಾಡುವುದರಿಂದ ನನ್ನ ಕಣ್ಣಿಗೆ ಹುಡುಗನೇ. ನಮ್ಮನ್ನು ಅವನು ತನ್ನ ತಾಯಿಯ ಮನೆಯಲ್ಲಿ ಇಳಿಸಿದ. ತಾಯಿಯ ಹೆಸರು ಇಂಗೆ. ನರ್ಸಾಗಿದ್ದು ನಿವೃತ್ತಿಯಾದವರು, ನನ್ನ ವಾರಿಗೆಯವರೇ. ಅವರ ಇಂಗ್ಲಿಷೂ ನನ್ನಷ್ಟೇ ಇತ್ತು. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು.

ಭಾನುವಾರ ಬೆಳಿಗ್ಗೆ ಎಲ್ಲರಿಗೂ ಉಪ್ಪಿಟ್ಟು ಮಾಡುತ್ತೇನೆಂದು ಹೊರಟೆ. ಊರಿಂದ ತಂದಿದ್ದ ತೆಂಗಿನಕಾಯಿಯನ್ನು ಅಡುಗೆಮನೆಯ ಹೊಸ್ತಿಲಿಗೆ ಕುಕ್ಕಿದೆ. ಒಡೆಯಲಿಲ್ಲ. ಇನ್ನೂ ಎರಡು ಸಲ ಕುಕ್ಕಿದೆ. ಒಡೆಯಿತು, ಜೊತೆಗೆ ಬಾಗಿಲ ಗಂಟೆಯೂ ಹೊಡೆಯಿತು. ಕೆಳಗಿನ ಮನೆಯ ಗಂಡಸು, ಇಸ್ತ್ರಿ ಮಾಡಿದ ಶರಟು ತೊಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಅಲ್ಲಿ ಭಾನುವಾರ ಸದ್ದು ಮಾಡಕೂಡದಂತೆ. ಬಟ್ಟೆ ಒಗೆಯುವ ಮಿಷನ್ ಕೂಡ ಹಾಕುವುದಿಲ್ಲವಂತೆ. ಗೋಡೆಗೆ ಮೊಳೆ ಹೊಡೆದರೆ ದೊಡ್ಡ ಅಪರಾಧವಂತೆ.

ನನಗೆ ನಮ್ಮ ಬೀದಿ ನೆನಪಾಯಿತು. ಗಣೇಶನ ಹಬ್ಬ ಮುಗಿದ ಮೇಲೂ ಹದಿನೈದು ದಿನ ಮೈಕು ಇಳಿಸುವುದಿಲ್ಲ. ಭಾನುವಾರ ಬಂತೆಂದರೆ ಪಕ್ಕದ ಮನೆಯವರು ಗಾಡಿ ತೊಳೆಯುತ್ತಾ ರೇಡಿಯೋ ಜೋರು ಮಾಡುತ್ತಾರೆ. ಇಷ್ಟು ನಿಶ್ಶಬ್ದ ಇಟ್ಟುಕೊಂಡಿರುವ ಊರಿನವರಿಗೆ ನನ್ನ ಸೊಸೆಯ ದುಂ ದುಂ ಯಾಕೆ ಬೇಕಾಯಿತೋ ಎಂದು ಯೋಚಿಸುತ್ತಾ ಕಾಯಿ ತುರಿದೆ, ಸದ್ದಾಗದ ಹಾಗೆ.

ತಿಂಡಿ ತಿನ್ನುವಾಗ ಇಂಗೆ, ಮಗನ ಕಡೆ ಕಣ್ಣು ಮಾಡಿ ನನ್ನ ಕಿವಿಯ ಹತ್ತಿರ ಬಂದರು. "ಇವನ ಮ್ಯೂಸಿಕ್ಕು ಯಾವಾಗಲೂ ಬುಂ ಬುಂ. ಒಂದು ಹಾಡಿಲ್ಲ. ಹದಿನೈದು ವರ್ಷದಿಂದ ಕಾಯುತ್ತಿದ್ದೇನೆ, ಒಂದು ಹಾಡೂ ಬಂದಿಲ್ಲ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಪರದೇಶದಲ್ಲಿ ಒಬ್ಬ ಸ್ವಂತದವಳು ಸಿಕ್ಕಿದಂತಾಯಿತು.

ಕಂಪನಿ ಎಂಬ ಕೋಣೆ

ಕಂಪನಿ ಎಂದರೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಷ್ಟಾದರೂ ಇರುತ್ತದೆ ಎಂದುಕೊಂಡಿದ್ದೆ. ಅದು ಹಳೇ ಕಟ್ಟಡದ ಹಿಂದಿನ ಅಂಗಳದಲ್ಲಿದ್ದ ಒಂದು ಕೋಣೆ. ಗೋಡೆ ತುಂಬ ರೆಕಾರ್ಡು. ಟೋಬಿಯಾಸ್ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, 'ಸಂಪು' ಮತ್ತೊಮ್ಮೆ ಮೊದಲಿಂದ ಕೇಳಿದ. ನಾನೂ ವಿದ್ಯಾಳೂ ಬೆಂಚಿನ ಮೇಲೆ ಕೂತು, ಡಾಕ್ಟರು ಎಕ್ಸ್‌ರೇ ನೋಡುವಾಗ ರೋಗಿಯ ಕಡೆಯವರು ನೋಡುವ ಹಾಗೆ ಅವನ ಮುಖ ನೋಡಿದೆವು.

ಕೊನೆಗೆ ಹೆಡ್‌ಫೋನ್ ತೆಗೆದ. ತುಂಬ ಚೆನ್ನಾಗಿದೆ ಎಂದ. ಆದರೆ ಒಂದು ಮಾತು ಎಂದ. ಇದು ಬೆಂಗಳೂರಿನದು ಎಂದು ಕೇಳುವವರಿಗೆ ಹೇಗೆ ಗೊತ್ತಾಗಬೇಕು? ಇಂಡಿಯಾ ಎಲ್ಲಿ? ಎರಡು ಕಡೆ ತಂಬೂರಿ, ಒಂದು ಕಡೆ ಕೊಳಲು ಸೇರಿಸಿದರೆ ಜನಕ್ಕೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ತನ್ನ ಸ್ನೇಹಿತನೊಬ್ಬನ ಹತ್ತಿರ ವಾದ್ಯಗಳಿವೆ, ನಾಳೆಯೇ ರೆಕಾರ್ಡ್ ಮಾಡಬಹುದು, ಶುಕ್ರವಾರ ಸಂಜೆ ಜನಕ್ಕೆ ಕೇಳಿಸುವ ಹೊತ್ತಿಗೆ ಸಿದ್ಧವಾಗುತ್ತದೆ ಎಂದ.

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ನಾನು ಇಷ್ಟು ದಿನ ಹೇಳುತ್ತಿದ್ದದ್ದೂ ಅದೇ ಅಲ್ಲವೇ? "ಗುಡ್ ಐಡಿಯಾ! ವೆರಿ ಗುಡ್ ಐಡಿಯಾ!" ಎಂದೆ.

ವಿದ್ಯಾ ಎದ್ದು ಚೀಲ ಹೆಗಲಿಗೇರಿಸಿಕೊಂಡಳು. ಸಂಜೆ ಊಟಕ್ಕೂ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಕಿಟಕಿಯ ಹತ್ತಿರ ಕೂತಿದ್ದಳು.

"ನೀವೂ ಹಂಗ ಅಂದ್ರೆಲ್ರಿ ಅತ್ತಿ."

"ಒಳ್ಳೇದಕ್ಕೇ ಹೇಳಿದ್ದಲ್ವೇನೇ? ಒಂಚೂರು ಕೊಳಲಿದ್ರೆ ಕೇಳೋಕೂ ಹಿತವಾಗಿರತ್ತೆ."

"ಒಮ್ಮ್ಯರೆ ಕೇಳೀರೇನು ನೀವು ಅದನ್ನ?"

"ದಿನಾ ಕೇಳ್ತಿರ್ಲಿಲ್ವಾ, ಅಡುಗೆಮನೇಲಿ?"

"ಅದು ಕೇಳಿದ್ದಲ್ರಿ. ಕಿವಿ ಮ್ಯಾಲೆ ಬಿದ್ದದ್ದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಹೋಗ್ಲಿ ಬಿಡ್ರಿ. ಕೊಳಲು ಹಾಕಂದ್ರ ಹಾಕ್ತೀನಿ. ಇಷ್ಟು ದೂರ ಬಂದು ಬರಿಗೈಲಿ ಹೆಂಗ ಹೋಗೋದು? ಮಾವಾರಿಗೆ ಏನ್ ಹೇಳೋದು?"

ಒಂದು ರೊಟ್ಟಿ ಮುರಿದು ಕೈಗೆ ಕೊಟ್ಟೆ. ತಿಂದಳು.

ಉಂಗುರದ ರೈಲು

ಮಾರನೇ ದಿನ ಕೊಳಲಿನವನ ಮನೆಗೆ ಹೊರಟೆವು. ಬರ್ಲಿನ್ ಊರನ್ನು ಸುತ್ತುಹಾಕುವ ಒಂದು ರೈಲಿದೆ. ಪ್ಲಾಟ್‌ಫಾರಂ ಚೊಕ್ಕಟವಾಗಿತ್ತು. ಜನ ಇಳಿಯುವವರೆಗೂ ಹತ್ತುವವರು ಬಾಗಿಲ ಎರಡೂ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದರು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದು ಬೆಳೆದ ನನಗೆ ಆ ಶಿಸ್ತು ಮೈಗೆ ಹತ್ತಿರಲಿಲ್ಲ. ರೈಲು ಬಂದದ್ದೇ ನುಗ್ಗಿ, ಕಿಟಕಿ ಪಕ್ಕದ ಸೀಟು ಹಿಡಿದು, ವಿದ್ಯಾಳ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡೆ.

"ಇದ ದಿಕ್ಕಿಂದೋ ಅಲ್ಲೋ, ಬೋರ್ಡು ನೋಡ್ತೀನಿ ತಡೀರಿ" ಎಂದು ಅವಳು ಕೆಳಗಿಳಿದಳು. ಪೀಪ್ ಪೀಪ್ ಎಂದಿತು. ಬಾಗಿಲು ಮುಚ್ಚಿತು. ಗಾಜಿನ ಆಚೆ ವಿದ್ಯಾಳ ಬಾಯಿ ತೆರೆದದ್ದು ಕಾಣಿಸಿತು, ಸದ್ದು ಕೇಳಿಸಲಿಲ್ಲ. ಅವಳು ಸ್ವಲ್ಪ ದೂರ ಓಡಿ ಬಂದಳು. ಆಮೇಲೆ ಸ್ಟೇಷನ್ನಿನ ಗೋಡೆ ಅಡ್ಡ ಬಂತು.

ಆ ಊರಲ್ಲಿ ನನಗೆ ಗೊತ್ತಿದ್ದ ವಿಳಾಸ ಒಂದೂ ಇಲ್ಲ, ಫೋನ್ ನಂಬರೂ ಇಲ್ಲ. ಎದ್ದು ನಿಂತು "ಸ್ಟಾಪ್! ಸ್ಟಾಪ್!" ಎಂದು ಕೂಗಿದೆ. ಇಡೀ ಬೋಗಿ ತಿರುಗಿ ನೋಡಿತು, ಮತ್ತೆ ಪುಸ್ತಕ ಓದತೊಡಗಿತು. ಎದುರಿಗೆ ಕೂತಿದ್ದ ಮುದುಕರೊಬ್ಬರು ಮಾತ್ರ ನನ್ನ ಕೈ ತಟ್ಟಿ ಕೂರಿಸಿದರು. ನನ್ನ ತೊದಲಿನಿಂದ ಅವರಿಗೆ ಎಷ್ಟು ಅರ್ಥವಾಯಿತೋ, ಪೇಪರಿನ ಅಂಚಿನಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಅಲ್ಲಿಂದ ದೊಡ್ಡದಾಗಿ ಒಂದು ಸೊನ್ನೆ ಎಳೆದು ಅದೇ ಚುಕ್ಕೆಗೆ ತಂದು ಮುಟ್ಟಿಸಿದರು. ನನ್ನನ್ನೂ ಚುಕ್ಕೆಯನ್ನೂ ತೋರಿಸಿ, ಇಳಿಯಬೇಡ, ಕೂತಿರು ಎಂದು ಅಂಗೈ ಆಡಿಸಿದರು.

ಆಗ ತಿಳಿಯಿತು. ನಮ್ಮ ರಿಂಗ್ ರೋಡಿನ ಬಸ್ಸು ಬನಶಂಕರಿಯಲ್ಲಿ ಹತ್ತಿಸಿಕೊಂಡರೆ ಹೆಬ್ಬಾಳದಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತದೆ, ವಾಪಸು ಬರುವುದು ನಮ್ಮ ಪಾಡು. ಇದು ಹಾಗಲ್ಲ, ಸುತ್ತಿಸಿ ಹತ್ತಿಸಿಕೊಂಡ ಜಾಗಕ್ಕೇ ತಂದು ಬಿಡುತ್ತದೆ. ಒಂದು ಗಂಟೆ ಹಿಡಿಯುತ್ತದೆ ಅಷ್ಟೇ.

ಗಂಟೆ ಎಂದರೆ ಕಡಿಮೆಯೇ? ನೀರಿನ ಬಾಟಲಿ ಹುಡುಕಲು ವಿದ್ಯಾಳ ಚೀಲಕ್ಕೆ ಕೈ ಹಾಕಿದರೆ ಸಿ.ಡಿ. ಪ್ಲೇಯರು ಸಿಕ್ಕಿತು, ಹೆಡ್‌ಫೋನಿನ ಸಮೇತ. ಕೊಳಲಿನವನಿಗೆ ಕೇಳಿಸಲೆಂದು ಇಟ್ಟುಕೊಂಡಿದ್ದಳು. ಭಯ ಮರೆಯಲು ಏನಾದರೂ ಬೇಕಿತ್ತು. ಕಿವಿಗೆ ಹಾಕಿಕೊಂಡು ಗುಂಡಿ ಒತ್ತಿದೆ.

ಮೊದಲು ಬರೀ ಸರ್ ಎನ್ನುವ ಸಣ್ಣ ಸದ್ದು, ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ, ಆದರೆ ಆರದೆ ಉಳಿಯುವಂಥದ್ದು. ಆಮೇಲೆ ಕೆಳಗಿನಿಂದ ದುಂ ಬಂತು. ಅಡುಗೆಮನೆಯಲ್ಲಿ ನನಗೆ ಸಿಗುತ್ತಿದ್ದದ್ದು ಆ ದುಂ ಒಂದೇ. ಉಳಿದದ್ದೆಲ್ಲ ಮಹಡಿಯಲ್ಲೇ ಉಳಿದುಬಿಡುತ್ತಿತ್ತು. ಈಗ ಅದರ ಮೇಲೆ ಚೊಂಬಿನ ಒಂದು ಪೆಟ್ಟು ಬಿತ್ತು. ನಾನು ಟಾರ್ಚ್ ಹಿಡಿದಿದ್ದ ದಿನದ್ದೇ, ಗುರುತು ಸಿಕ್ಕಿತು. ಅದು ಬಲಗಿವಿಯಲ್ಲಿ ಬಿದ್ದು, ಎಡಕ್ಕೆ ಹೋಗಿ, ಮತ್ತೆ ಬಲಕ್ಕೆ ಬಂದು, ಪ್ರತಿ ಸಲವೂ ಸ್ವಲ್ಪ ದೂರವಾಗುತ್ತಾ, ತಂಪಾಗುತ್ತಾ ಹೋಯಿತು. ಪೂರ್ತಿ ಆರಿತು ಎನ್ನುವಾಗ ಇನ್ನೊಂದು ಪೆಟ್ಟು.

ಎರಡು ಸ್ಟೇಷನ್ ಕಳೆಯುವಷ್ಟರಲ್ಲಿ ನಾನು ಆ ಪೆಟ್ಟಿಗೆ ಕಾಯುತ್ತಿದ್ದೆ. ಈಗ ಬರುತ್ತದೆ ಎಂದುಕೊಂಡಾಗ ಬರುತ್ತಿರಲಿಲ್ಲ, ಸ್ವಲ್ಪ ತಡೆದು ಬರುತ್ತಿತ್ತು. ಆ ತಡೆಯುವಿಕೆಯಲ್ಲಿ ನನ್ನ ಉಸಿರೂ ತಡೆಯುತ್ತಿತ್ತು. ಬಂದ ಮೇಲೆ ಮೈಯೆಲ್ಲ ಸಡಿಲವಾಗುತ್ತಿತ್ತು. ಕಿಟಕಿಯ ಆಚೆ ಕಾರ್ಖಾನೆ, ಕಾಲುವೆ, ಸಾಲು ಮನೆಗಳ ಬಾಲ್ಕನಿ, ಒಣಹಾಕಿದ ಬಟ್ಟೆ ಹೋಗುತ್ತಿದ್ದವು. ಯಾವುದಕ್ಕೂ ಅವಸರವಿರಲಿಲ್ಲ. ಒಂದು ಭಾಗದಲ್ಲಿ ದುಂ ಕೂಡ ನಿಂತುಹೋಯಿತು. ಹನಿ ಮಾತ್ರ. ಆಗ ಒಂದು ವಿಚಿತ್ರ ನಡೆಯಿತು. ನಾನು ಎಲ್ಲೋ ತಪ್ಪಿಸಿಕೊಂಡಿದ್ದೇನೆ ಎಂಬ ಭಯ ಎದ್ದುಹೋಗಿತ್ತು. ಮದುವೆಯಾದಾಗಿನಿಂದ ಯಾರೂ ಕರೆಯದ, ಯಾವ ಒಲೆಯೂ ಕಾಯದ ಒಂದು ಗಂಟೆ ನನಗೆ ಸಿಕ್ಕಿರಲಿಲ್ಲ. ಆ ಹುಡುಗಿ ಮಹಡಿ ಮೇಲೆ ಕೂತು ಒಂದೊಂದೇ ಸದ್ದು ತೆಗೆದುಹಾಕಿ ಇಂಥ ಜಾಗ ಮಾಡುತ್ತಿದ್ದಳು. ಅಲ್ಲಿ ಕೊಳಲು ತಂದಿಟ್ಟರೆ ಜಾಗ ಎಲ್ಲಿ ಉಳಿಯುತ್ತದೆ?

ಮುದುಕರು ಯಾವಾಗಲೋ ಇಳಿದುಹೋಗಿದ್ದರು. ಕೊನೆಯ ಸದ್ದು ಆರುತ್ತಿದ್ದ ಹಾಗೆಯೇ ಹತ್ತಿದ್ದ ಪ್ಲಾಟ್‌ಫಾರಂ ಬಂತು. ವಿದ್ಯಾ ಬೆಂಚಿನ ಮೇಲೆ ಕೂತು, ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಸ್ಟೇಷನ್ನಿನವರು ಅವಳಿಗೆ ಅಲ್ಲೇ ಕಾಯಲು ಹೇಳಿದ್ದರಂತೆ. ನಾನು ಇಳಿದದ್ದೇ ಓಡಿ ಬಂದು ತಬ್ಬಿಕೊಂಡಳು.

"ಅತ್ತಿ, ಏನೂ ಆಗಿಲ್ಲ ಹೌದಲ್ರಿ? ನನ್ನ ಜೀವಾನ ಹೋಗಿತ್ತು!"

"ಏನನ್ನೂ ಸೇರಿಸ್ಬೇಡ ಕಣೇ" ಎಂದೆ.

"ಏನ್ರಿ?"

"ಕೊಳಲೂ ಬೇಡ, ತಂಬೂರೀನೂ ಬೇಡ. ಒಂದು ಸದ್ದೂ ಸೇರಿಸ್ಬೇಡ. ಪೂರ್ತಿ ಕೇಳ್ದೆ."

ಅವಳು ನನ್ನ ಕೊರಳಿಗೆ ನೇತುಬಿದ್ದಿದ್ದ ಹೆಡ್‌ಫೋನ್ ನೋಡಿದಳು. ನಿಂತಲ್ಲೇ ಮತ್ತೆ ಅಳತೊಡಗಿದಳು. ಈ ಸಲದ್ದು ಬೇರೆ ಅಳು. ನಾವು ಕೊಳಲಿನವನ ಮನೆಗೆ ಹೋಗಲೇ ಇಲ್ಲ. ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಕಾಫಿ ಕುಡಿದು, ನೇರ ಕಂಪನಿಗೆ ನಡೆದೆವು.

ಟೋಬಿಯಾಸನ ಮುಂದೆ ವಿದ್ಯಾ ಕೂರಲೂ ಇಲ್ಲ. ಇದ್ದದ್ದು ಇದ್ದ ಹಾಗೇ ಕೇಳಿಸಿ, ಏನೂ ಬದಲಾಯಿಸುವುದಿಲ್ಲ ಎಂದಳು. ಜನ ಎದ್ದು ಹೋದರೆ ನಾನು ರೆಕಾರ್ಡ್ ಹೊರತರಲಾರೆ, ನಷ್ಟ ತಡೆಯುವಷ್ಟು ಶಕ್ತಿ ನನಗಿಲ್ಲ ಎಂದು ಅವನು ನಿಜವನ್ನೇ ಹೇಳಿದ.

"ಹೋದ್ರ ಹೋಗ್ಲಿ" ಎಂದಳು ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ. ಅವಳ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಶುಕ್ರವಾರ ಸಂಜೆ

ಜಾಗ ಒಂದು ಹಳೇ ಕಾರ್ಖಾನೆಯ ಹಾಲ್. ಸಂಜೆ ಏಳಾದರೂ ಕಿಟಕಿಗಳಲ್ಲಿ ನಮ್ಮ ನಾಲ್ಕು ಗಂಟೆಯ ಬಿಸಿಲು. ಮೂಲೆಗೊಂದರಂತೆ ಬೀರುವಿನಷ್ಟು ಎತ್ತರದ ಸ್ಪೀಕರುಗಳು. ಕುರ್ಚಿಗಳಿರಲಿಲ್ಲ, ನೆಲಕ್ಕೆ ರತ್ನಗಂಬಳಿ ಹಾಸಿದ್ದರು. ಜನ ಬಂದರು, ಶೂ ಬಿಚ್ಚಿದರು, ಕೂತರು. ಕೆಲವರು ಜಮಖಾನೆಯ ಮೇಲೆ ಮಲಗುವ ಮದುವೆಮನೆ ನೆಂಟರಂತೆ ಕೈ ತಲೆಗೆ ಕೊಟ್ಟು ಮಲಗಿಯೇಬಿಟ್ಟರು.

ಇಂಗೆ ಬರುವುದಿಲ್ಲ ಎಂದಿದ್ದರು. ನಾನು ಬಿಡಲಿಲ್ಲ. "ಒನ್ ಅವರ್. ಸಿಟ್ ವಿತ್ ಮಿ" ಎಂದು ಕೈಹಿಡಿದು ಕರೆತಂದಿದ್ದೆ. ಇಬ್ಬರೂ ಗೋಡೆಗೆ ಒರಗಿ ಕಾಲು ಚಾಚಿ ಕೂತೆವು. ವಿದ್ಯಾ ಹಿಂದೆ ಮಿಷನ್ನುಗಳ ಪಕ್ಕ ನಿಂತಿದ್ದಳು. ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು.

ಶುರುವಾಯಿತು. ಹೆಡ್‌ಫೋನಿನಲ್ಲಿ ಕಿವಿಗೆ ಕೇಳಿದ್ದು ಇಲ್ಲಿ ನೆಲದಿಂದ ಬಂತು. ಆ ದುಂ ನನ್ನ ಬೆನ್ನುಮೂಳೆಯನ್ನು ಒಂದೊಂದೇ ಮೆಟ್ಟಿಲಂತೆ ಹತ್ತಿತು. ಇಂಗೆ ಎದೆಯ ಮೇಲೆ ಕೈಯಿಟ್ಟುಕೊಂಡರು.

ಸ್ವಲ್ಪ ಹೊತ್ತಿಗೆ ಮುಂದೆ ಕೂತಿದ್ದ ಇಬ್ಬರು ಎದ್ದರು. ಶೂ ಹಿಡಿದು ಬಾಗಿಲ ಕಡೆ ಹೋದರು. ಇನ್ನೊಬ್ಬಳು ಎದ್ದಳು. ತಿರುಗಿ ವಿದ್ಯಾಳನ್ನು ನೋಡಲು ಧೈರ್ಯ ಬರಲಿಲ್ಲ. ಟೋಬಿಯಾಸ್ ಕೂಡ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಆ ಬಾಗಿಲು ತೆರೆಯಿತು. ಹೋದ ಮೂವರೂ ಬಂದರು, ಹಿಂದೆ ಒಂದು ಹಿಂಡು ಜನ. ಹೊರಗೆ ಅಂಗಳದಲ್ಲಿ ಸಿಗರೇಟು ಸೇದುತ್ತಾ ನಿಂತಿದ್ದ ಗೆಳೆಯರನ್ನು ಕರೆತರಲು ಹೋಗಿದ್ದರು! ತುದಿಗಾಲಲ್ಲಿ ನಡೆದು, ಸಿಕ್ಕ ಸಿಕ್ಕಲ್ಲಿ ಕೂತರು. ಹಾಲ್ ತುಂಬಿತು.

ಹನಿಯ ಭಾಗ ಬಂದಾಗ ಅಷ್ಟೊಂದು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಜರಗನಹಳ್ಳಿಯ ನೆಲದಡಿಯ ಕತ್ತಲೆ ಅಲ್ಲಿಗೆ ಬಂದು ಕೂತಿತ್ತು. ಪಕ್ಕದಲ್ಲಿ ಇಂಗೆ ಕಣ್ಣು ಮುಚ್ಚಿದ್ದರು. ನಿದ್ದೆ ಹೋದರೇನೋ ಎಂದುಕೊಂಡೆ. ಅವರ ಬೆರಳು ನನ್ನ ಅಂಗೈಯಲ್ಲಿ ತಾಳ ಹಾಕುತ್ತಿತ್ತು.

ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಮ್ಮಲ್ಲಾದರೆ ಹಾಡು ಮುಗಿಯುವ ಮುಂಚೆಯೇ ಹೊಡೆಯುತ್ತಾರೆ. ಇಲ್ಲಿ ಒಂದು ಸದ್ದಿಲ್ಲ. ಕಾದೆ. ನೆಲದ ಮೇಲೆ ಮಲಗಿದ್ದ ಗಡ್ಡದ ಮನುಷ್ಯನೊಬ್ಬ, ಏಳದೆ, ಚಾವಣಿ ನೋಡುತ್ತಲೇ ಏನೋ ಒಂದು ಮಾತು ಹೇಳಿದ. ಸುತ್ತ ನಗು ಹರಡಿತು.

"ಏನಂದ?" ಎಂದು ಇಂಗೆಯನ್ನು ಕನ್ನಡದಲ್ಲೇ ಕೇಳಿಬಿಟ್ಟೆ. ಅವರಿಗೆ ಅರ್ಥವಾಯಿತು.

"ಅಗೇನ್. ಹಿ ಸೇ, ಅಗೇನ್."

ಆಮೇಲೆ ಚಪ್ಪಾಳೆ ಬಂತು. ಮಲಗಿದ್ದವರು ಎದ್ದು ಕೂತು ಹೊಡೆದರು, ಕೂತವರು ಎದ್ದು ನಿಂತು ಹೊಡೆದರು. ವಿದ್ಯಾ ಮುಖ ಮುಚ್ಚಿಕೊಂಡಿದ್ದಳು. ಟೋಬಿಯಾಸ್ ಅವಳನ್ನು ಕೈಹಿಡಿದು ಮುಂದೆ ತಂದ. ಗದ್ದಲದ ನಡುವೆ ಅವನು ಕೂಗಿ ಹೇಳಿದ್ದು ನನಗೂ ತಿಳಿಯುವಷ್ಟು ಸುಲಭದ ಇಂಗ್ಲಿಷು: ನಾನು ತಪ್ಪು, ನೀನು ಸರಿ, ರೆಕಾರ್ಡ್ ಹೊರತರೋಣ. ಮತ್ತೆ ಹೋಗಿ ಮೊದಲಿಂದ ಹಾಕಿದ. ಯಾರೂ ಮನೆಗೆ ಹೋಗಲಿಲ್ಲ. ಇಂಗೆ ಎದ್ದು ಮಗನ ಹತ್ತಿರ ಹೋಗಿ ಕೆನ್ನೆ ತಟ್ಟಿ ಏನೋ ಹೇಳಿದರು. ಅದನ್ನು ನಾನು ಯಾರಿಂದಲೂ ಅನುವಾದ ಮಾಡಿಸಲಿಲ್ಲ.

ವಿಲ್ಸನ್ ಗಾರ್ಡನ್

ಮಳೆಗಾಲ ಮುಗಿಯುವ ಹೊತ್ತಿಗೆ ಡಬ್ಬದಲ್ಲಿ ರೆಕಾರ್ಡುಗಳು ಬಂದವು. ಕರಿ ತಟ್ಟೆ, ಬೂದು ಬಣ್ಣದ ಲಕೋಟೆ, ಅದರ ಮೇಲೆ ಕನ್ನಡದಲ್ಲಿ 'ಸಂಪು'. ಎಲ್ಲರೂ ಮುಟ್ಟಿ ನೋಡಿದೆವು. ಆಮೇಲೆ ಗೊತ್ತಾಯಿತು, ಇದನ್ನು ಹಾಕುವ ಮಿಷನ್ನು ನಮ್ಮ ಬೀದಿಯಲ್ಲಿ ಒಬ್ಬರ ಮನೆಯಲ್ಲೂ ಇಲ್ಲ.

ವಿಲ್ಸನ್ ಗಾರ್ಡನ್‌ನಲ್ಲಿ ನನ್ನ ತಮ್ಮ ಶಿವಣ್ಣನ ಮನೆಯಿದೆ. ನಮ್ಮ ತಂದೆಯ ಕಾಲದ, ರೆಕಾರ್ಡೂ ಹಾಕಬಹುದಾದ ದೊಡ್ಡ ಮರದ ರೇಡಿಯೋಗ್ರಾಂ ಅಲ್ಲಿತ್ತು, ಮೇಲೆ ಫೋಟೋ ಇಡುವ ಮೇಜಾಗಿ. ಭಾನುವಾರ ಎಲ್ಲರೂ ಹೊರಟೆವು. ಯಜಮಾನರು, "ಅಂಗಡಿಗೆ ಮಾಲು ಬರೋದಿದೆ, ಒಂದೈದು ನಿಮಿಷ ಇದ್ದು ಬಂದ್ಬಿಡ್ತೀನಿ" ಎಂದುಕೊಂಡೇ ಬಂದರು.

ಶಿವಣ್ಣ ಮೇಲಿದ್ದ ಫೋಟೋ ಎತ್ತಿಟ್ಟು, ಧೂಳು ಒರೆಸಿ, ರೆಕಾರ್ಡು ಹಾಕಿದ. ಮೊದಲ ದುಂ ಬಂದದ್ದೇ ಮುಳ್ಳು ಎಗರಿ ಮಧ್ಯಕ್ಕೆ ಹೋಯಿತು. ಮತ್ತೆ ಇಟ್ಟ, ಮತ್ತೆ ಎಗರಿತು. "ಏನಮ್ಮ ವಿದ್ಯಾ, ಮುಳ್ಳನ್ನೇ ಒದೀತಲ್ಲ ನಿನ್ನ ಹಾಡು!" ಎಂದ. ವಿದ್ಯಾಳ ಮುಖ ಸಪ್ಪಗಾಯಿತು. ಯಜಮಾನರು ಎದ್ದರು. ಹೊರಟರೇನೋ ಎಂದುಕೊಂಡೆ. ಹತ್ತಿರ ಹೋಗಿ, ಬಗ್ಗಿ ನೋಡಿ, ಜೇಬಿನಿಂದ ಒಂದು ನಾಣ್ಯ ತೆಗೆದು ಮುಳ್ಳಿನ ತೋಳಿನ ಮೇಲೆ ಮೆತ್ತಗೆ ಇಟ್ಟರು. "ಈಗ ಹಾಕು, ಶಿವಣ್ಣ" ಎಂದರು.

ಈ ಸಲ ಮುಳ್ಳು ಅಲುಗಲಿಲ್ಲ. ಆ ಮರದ ಪೆಟ್ಟಿಗೆಯಿಂದ ದುಂ ಬಂದು ನಡುಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಹರಡಿತು.

"ಕುರ್ಚೀಲಿ ಕೂತು ಕೇಳೋದಲ್ಲ ಇದು, ನೆಲಕ್ಕೆ ಮಲಗಬೇಕು" ಎಂದು ಎಲ್ಲರನ್ನೂ ಏಳಿಸಿದೆ. ಬರ್ಲಿನ್ ನೋಡಿ ಬಂದವಳ ಮಾತು, ನಡೆಯಿತು. ಚಾಪೆ ಹಾಸಿದೆವು. ತಮ್ಮ, ಅವನ ಹೆಂಡತಿ, ಮಹೇಶ, ವಿದ್ಯಾ, ನಾನು ಸಾಲಾಗಿ ಮಲಗಿದೆವು. ಯಜಮಾನರು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, ಪಂಚೆ ಸರಿಮಾಡಿಕೊಂಡು, ಅವರೂ ಮಲಗಿಕೊಂಡರು. ಐದು ನಿಮಿಷವಾಯಿತು, ಹತ್ತಾಯಿತು. ತಿರುಗಿ ನೋಡಿದೆ. ಅವರು ಚಾವಣಿ ನೋಡುತ್ತಾ ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು, ಅದು ಬರುವುದನ್ನು ಕೈಯಲ್ಲೇ ಕೇಳುವವರ ಹಾಗೆ.

ತೆರೆದಿದ್ದ ಬಾಗಿಲಲ್ಲಿ ಪಕ್ಕದ ಮನೆಯ ಹೆಂಗಸೊಬ್ಬರು ಮೊಸರಿನ ಬಟ್ಟಲು ಹಿಡಿದು ಬಂದರು. ಸಾಲಾಗಿ ಬಿದ್ದಿದ್ದ ನಮ್ಮನ್ನು ನೋಡಿ ಗಾಬರಿಯಾದರು.

"ಅಯ್ಯೋ, ಏನಾಯ್ತ್ರೀ? ಎಲ್ರೂ ಹೀಗೆ ಮಲಗಿದೀರಲ್ಲ!"

ಯಜಮಾನರು ತಲೆ ಎತ್ತಲೂ ಇಲ್ಲ. ತುಟಿಯ ಮೇಲೆ ಬೆರಳಿಟ್ಟರು.

"ಶ್! ಮಾತಾಡ್ಬೇಡಿ. ನಮ್ಮ ಸೊಸೆದು ಇದು. ಬಟ್ಲು ಅಲ್ಲೇ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಬನ್ನಿ, ಇಲ್ಲಿ ಜಾಗ ಇದೆ."